ಭಂಡಾರದ ಧರ್ಮ



ನವಲಗುಂದ ತಾಲೂಕಿನ ಯಮನೂರು ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದ ಕ್ಷೇತ್ರ. ಹೋಳಿ ಹುಣ್ಣಿಮೆ ಕಳೆದ ಮೇಲೆ ಅಲ್ಲಿ ಜಾತ್ರೆ ಕೂಡುತ್ತದೆ. ಒಬ್ಬನೇ ಮಹಾತ್ಮನನ್ನು ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ಕರೆದು ನಡೆದುಕೊಳ್ಳುತ್ತಾರೆ. ಬೆಣ್ಣಿಹಳ್ಳದಲ್ಲಿ ಜೊತೆಯಾಗಿ ಮೀಯುತ್ತಾರೆ. ಆ ಮಹಾತ್ಮನು ಎಣ್ಣೆಯಿಲ್ಲದೆ ಹಳ್ಳದ ನೀರಿನಿಂದಲೇ ದೀಪ ಹೊತ್ತಿಸಿದನೆಂಬುದು ಜನರ ನಂಬಿಕೆ. ಭಕ್ತಿಯ ಆ ಮಾತನ್ನು ನಾವು ಇಲ್ಲಿ ಪರೀಕ್ಷೆಗೆ ಒಡ್ಡುತ್ತಿಲ್ಲ. ಅದನ್ನು ನೆನೆಯಲು ಬೇರೊಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಅದೇ ಸೀಮೆಯ ಒಂದು ಹಳ್ಳಿಗೆ ಪ್ರವಚನಕ್ಕಾಗಿ ಹೋಗಿದ್ದೆವು. ಅಲ್ಲಿಯ ಅಂಗನವಾಡಿಯ ತಾಯಿಯೊಬ್ಬಳು ದರ್ಶನಕ್ಕೆ ಬಂದಳು. ಮಕ್ಕಳ ಆಹಾರಕ್ಕೆ ಬರಬೇಕಾದ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಅಡುಗೆಯ ಗ್ಯಾಸನ್ನೂ ತತ್ತಿಯನ್ನೂ ಆಕೆ ಕೈಯಿಂದ ಹಣ ಹಾಕಿ ತಂದಿದ್ದಳು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆದಿತ್ತು. “ಅಜ್ಜಾರ, ನೀರಿಲೆ ದೀಪ ಹಚ್ಚೂದು ಚಾಂಗದೇವಗ ಸಾಧ್ಯ ಆತು. ನಮಗ ತಿಂಗಳಾ ಹಂಗ ಹಚ್ಚರಿ ಅಂತಾರ್ರೀ,” ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನಮ್ಮನ್ನು ಬಹಳ ದಿನ ಕಾಡಿತು.

ರಾಜ್ಯವು ತನ್ನ ವೆಚ್ಚವನ್ನು ಕಡಿತಗೊಳಿಸುವುದು ಯಾವಾಗ ಮಿತವ್ಯಯವೆನಿಸುತ್ತದೆ, ಯಾವಾಗ ಅನ್ಯಾಯವೆನಿಸುತ್ತದೆ? ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರಿಗೇ ಬಿಟ್ಟುಬಿಡುವುದು ಸರಿಯಲ್ಲ. ಇದು ಮೂಲತಃ ಧರ್ಮದ ಪ್ರಶ್ನೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳೋಣ. ಬೊಕ್ಕಸವು ಅಕ್ಷಯ ಪಾತ್ರೆಯಲ್ಲ. ಇಂದು ಮಾಡಿದ ಸಾಲವನ್ನು ನಾಳಿನ ಮಕ್ಕಳು ತೀರಿಸಬೇಕಾಗುತ್ತದೆ. ಈ ವಿವೇಕದಿಂದಲೇ ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿ, ಇಂಥ ಶಾಸನವನ್ನು ರೂಪಿಸಿದ ಮೊದಲ ರಾಜ್ಯವೆನಿಸಿತು. ಆದಾಯವನ್ನರಿತು ವೆಚ್ಚ ಮಾಡಬೇಕೆಂಬುದನ್ನು ಕಾಯಕ ಧರ್ಮವನ್ನು ಬಲ್ಲ ಯಾರೂ ಅಲ್ಲಗಳೆಯಲಾರರು.

ನಮ್ಮ ಪರಂಪರೆಯಲ್ಲಿಯೂ ಕಡಿತದ ಒಂದು ಮಹಾ ದೃಷ್ಟಾಂತವುಂಟು. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನು ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಲಕ್ಕಮ್ಮನು ಕಡಿತ ಮಾಡಿದ್ದು ತನ್ನ ಮನೆಗೆ ಬಂದ ಹೆಚ್ಚಳದಲ್ಲಿ. ಪಂಕ್ತಿಯಲ್ಲಿ ಕುಳಿತ ಜಂಗಮರ ಎಡೆಯಲ್ಲಿ ಆಕೆ ಒಂದು ಅಗುಳನ್ನೂ ಕಡಿಮೆ ಮಾಡಲಿಲ್ಲ. ತನ್ನ ಹೆಚ್ಚಳವನ್ನು ಬಿಡುವುದು ಮಿತವ್ಯಯ. ಹಸಿದವನ ಎಡೆಯಿಂದ ತೆಗೆಯುವುದು ಅಪಹಾರ. ಎರಡನ್ನೂ ‘ಉಳಿತಾಯ’ ಎಂಬ ಒಂದೇ ಹೆಸರಿನಿಂದ ಕರೆದರೆ ಮಾತು ನಮ್ಮನ್ನು ಮೋಸಗೊಳಿಸುತ್ತದೆ.

ಇನ್ನು ಲೋಕದ ವ್ಯವಹಾರವನ್ನು ನೋಡೋಣ. ಅಂಗನವಾಡಿಯ ಯೋಜನೆ ಆರಂಭವಾದದ್ದು 1975ರ ಗಾಂಧಿ ಜಯಂತಿಯಂದು; ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ನಲವತ್ತು ವರ್ಷಗಳ ನಂತರ, 2015-16ರ ಕೇಂದ್ರ ಮುಂಗಡಪತ್ರದಲ್ಲಿ ಅದಕ್ಕೆ ತೆಗೆದಿರಿಸಿದ ಹಣವನ್ನು ಹಿಂದಿನ ವರ್ಷದ ಅರ್ಧದಷ್ಟಕ್ಕೆ ಇಳಿಸಲಾಯಿತು. ಕೊಟ್ಟ ಕಾರಣ ಪೂರ್ತಿ ಹುರುಳಿಲ್ಲದ್ದಲ್ಲ. 14ನೆಯ ಹಣಕಾಸು ಆಯೋಗದ ಶಿಫಾರಸಿನಂತೆ ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇಕಡಾ 32ರಿಂದ 42ಕ್ಕೆ ಏರಿತ್ತು; ಆದುದರಿಂದ ಹೊಣೆಯನ್ನೂ ರಾಜ್ಯಗಳು ಹೊರಲಿ ಎಂಬುದು ಕೇಂದ್ರದ ವಾದ. ವರ್ಷದ ನಡುವೆ ಒಂದಿಷ್ಟು ಹಣ ಮರಳಿತು, ನಿಜ. ಆದರೆ ಮೂರು ವರ್ಷದ ಕೂಸಿನ ಹಸಿವು ಪೂರಕ ಅಂದಾಜಿಗಾಗಿ ಕಾಯುವುದಿಲ್ಲ. ಮುಂದೆ 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲನ್ನು ಶೇಕಡಾ 4.713ರಿಂದ 3.647ಕ್ಕೆ ತಗ್ಗಿಸಿತು. ದೊಡ್ಡವರ ಎರಡು ಚೀಲಗಳ ನಡುವಿನ ತಕರಾರಿನಲ್ಲಿ ಮಗುವಿನ ತಟ್ಟೆ ಯಾರದೂ ಅಲ್ಲದಂತಾಗುತ್ತದೆ.

ಕಡಿತವೆಂದು ಹೇಳದೆಯೇ ಮಾಡುವ ಕಡಿತವೂ ಉಂಟು. ಶಾಲೆಯ ಮಧ್ಯಾಹ್ನದ ಊಟದ ಯೋಜನೆಯನ್ನು ನಮ್ಮ ರಾಜ್ಯವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನಿಟ್ಟಿತು. ಶರಣರ ಮಾತು ಸರಕಾರದ ಕಡತವನ್ನು ಸೇರಿದ್ದು ನಮಗೆ ಹೆಮ್ಮೆಯ ವಿಷಯ. ಆದರೆ ಅಡುಗೆ ಮಾಡುವ ತಾಯಂದಿರಿಗೆ ಕೇಂದ್ರದ ಲೆಕ್ಕದಲ್ಲಿ 2009ರಲ್ಲಿ ಗೊತ್ತುಮಾಡಿದ ಗೌರವಧನವು ತಿಂಗಳಿಗೆ 1,000 ರೂಪಾಯಿ. ಹತ್ತು ವರ್ಷ ಕಳೆದರೂ ಆ ಲೆಕ್ಕ ಏರಲಿಲ್ಲ. ಮೇಲೆ ಕೊಟ್ಟದ್ದೆಲ್ಲ ರಾಜ್ಯಗಳೇ ಸೇರಿಸಿದ್ದು. ಬೇಳೆಯ ದರ ಏರಿತು, ಎಣ್ಣೆಯ ದರ ಏರಿತು, ಆ ಸಂಖ್ಯೆ ಮಾತ್ರ ನಿಂತಲ್ಲಿಯೇ ನಿಂತಿತು. ಅಂಕಿಯನ್ನು ಮುಟ್ಟದೆ ಅದರ ಸತ್ವವನ್ನು ಹೀರುವ ಈ ವಿದ್ಯೆಯ ಮೇಲೆ ಸದನಗಳಲ್ಲಿ ಚರ್ಚೆಯಾಗುವುದು ವಿರಳ.

ಉದ್ಯೋಗ ಖಾತರಿಯ ಕತೆಯೂ ಹೀಗೆಯೇ. 2022-23ರಲ್ಲಿ ಅದಕ್ಕೆ ಮೊದಲು 73,000 ಕೋಟಿ ತೆಗೆದಿರಿಸಿ, ಕೊನೆಗೆ 89,400 ಕೋಟಿಗೆ ಪರಿಷ್ಕರಿಸಬೇಕಾಯಿತು. ಇದನ್ನು ಕಂಡ ಮೇಲೆಯೂ 2023-24ರಲ್ಲಿ ತೆಗೆದಿರಿಸಿದ್ದು 60,000 ಕೋಟಿ. ಅದನ್ನೂ ಆ ಬಳಿಕ 86,000 ಕೋಟಿಗೆ ಏರಿಸಬೇಕಾಯಿತು. ಹದಿನೈದು ದಿನಗಳೊಳಗೆ ಕೂಲಿ ಕೊಡಬೇಕೆಂದು ಆ ಕಾಯಿದೆಯೇ ಹೇಳಿತ್ತು. ಹಣವನ್ನು ಮೊದಲೇ ಕಡಿಮೆ ತೆಗೆದಿರಿಸಿದರೆ ಕೂಲಿ ತಡವಾಗುತ್ತದೆ. ತಡವಾದ ಕೂಲಿಗಾಗಿ ಬಡವನು ಬಡ್ಡಿಗೆ ಹಣ ತರುತ್ತಾನೆ. ಸರಕಾರವು ಮಾಡಬಾರದೆಂದುಕೊಂಡ ಸಾಲವನ್ನು ಹೀಗೆ ಬಡವನು ಮಾಡಬೇಕಾಗುತ್ತದೆ. ಸಾಲ ಅಳಿಯಲಿಲ್ಲ, ಹೊರುವ ಹೆಗಲು ಬದಲಾಯಿತು, ಅಷ್ಟೇ.

ಬೊಕ್ಕಸ ತುಂಬಿಸುವ ಅವಸರ ಏನನ್ನು ತರಬಲ್ಲದೆಂಬುದನ್ನು ನಮ್ಮ ಸೀಮೆ ಮರೆಯಲಾರದು. ಮಲಪ್ರಭೆಯ ನೀರು ಸರಿಯಾಗಿ ಹರಿಯದ ಹೊಲಗಳ ಮೇಲೂ ಅಭಿವೃದ್ಧಿ ಕರವನ್ನು ಹೇರಿದಾಗ ರೈತರು ಎದ್ದುನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು. ಬಸಪ್ಪ ಲಕ್ಕುಂಡಿ, ಈರಪ್ಪ ಕಡ್ಲಿಕೊಪ್ಪ ಎಂಬ ರೈತರು ಮಡಿದರು. 2016ರ ಜುಲೈನಲ್ಲಿ ಮಹದಾಯಿ ನೀರಿನ ಚಳವಳಿಯ ಕಾಲಕ್ಕೆ ಇದೇ ಯಮನೂರಿನ ಜನ ಲಾಠಿಯ ಪೆಟ್ಟು ತಿಂದರು. ಕೇಳುವವರ ಮಾತನ್ನು ಕಾಲಕ್ಕೆ ಕೇಳಿಸಿಕೊಳ್ಳದ ಆಡಳಿತವು ಕೊನೆಗೆ ತೆರುವ ಬೆಲೆಯನ್ನು ಯಾವ ಮುಂಗಡಪತ್ರವೂ ಲೆಕ್ಕ ಹಿಡಿಯಲಾರದು.

ಕೆಲವರು ಹೇಳುತ್ತಾರೆ: “ಸರಕಾರ ಹಿಂದೆ ಸರಿದರೇನು, ಮಠಗಳಿವೆಯಲ್ಲ, ದಾಸೋಹವಿದೆಯಲ್ಲ.” ಈ ಮಾತಿನಿಂದ ನಮಗೆ ಸಂತೋಷವಾಗುವುದಿಲ್ಲ. ಮಠವು ನೂರು ಮಕ್ಕಳಿಗೆ, ಬಹಳವಾದರೆ ಕೆಲವು ಸಾವಿರ ಮಕ್ಕಳಿಗೆ ಅನ್ನ ನೀಡೀತು. ಯಾವ ಹಳ್ಳಿಯನ್ನೂ ಬಿಡದೆ ನೀಡುವ ಶಕ್ತಿ ರಾಜ್ಯಕ್ಕೆ ಮಾತ್ರವಿದೆ. ಅಷ್ಟೇ ಅಲ್ಲ, ಮಠದ ಪ್ರಸಾದವನ್ನು ಮಗು ಕೃತಜ್ಞತೆಯಿಂದ ಉಣ್ಣುತ್ತದೆ. ಅಂಗನವಾಡಿಯ ಅನ್ನವನ್ನು ಹಕ್ಕಿನಿಂದ ಉಣ್ಣಬೇಕು. ಕೃತಜ್ಞತೆಯು ಹಕ್ಕಿಗೆ ಬದಲಿಯಲ್ಲ.

ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕಾಗಿದೆ. 2008ರ ನಂತರದ ಕೆಲವು ವರ್ಷಗಳ ರಾಜ್ಯ ಮುಂಗಡಪತ್ರಗಳಲ್ಲಿ ಮಠಮಾನ್ಯಗಳಿಗೂ ಅನುದಾನ ದೊರೆಯಿತು. ಸನ್ಮಾನದ ಸಭೆಗಳಾದವು, ಶಾಲು ಹೊದಿಸಿದೆವು. ಅದೇ ಬೊಕ್ಕಸದಿಂದ ಅಂಗನವಾಡಿಗೆ ಹಣ ಸಕಾಲಕ್ಕೆ ಹೋಗುತ್ತಿದೆಯೇ ಎಂದು ವೇದಿಕೆಯ ಮೇಲೆ ಎಷ್ಟು ಜನ ಸ್ವಾಮಿಗಳು ಕೇಳಿದೆವು? ನಾವು ಕೇಳಲಿಲ್ಲ. ಆ ತಾಯಿಯ ಮಾತನ್ನು ಕೇಳಿದ ದಿನ ಈ ಮೌನ ನಮಗೆ ತಪ್ಪಾಗಿ ಕಂಡಿತು. ಲಕ್ಕಮ್ಮನು ನಮ್ಮ ಮಠದ ಬಾಗಿಲಲ್ಲಿ ನಿಂತು, “ಈ ಅಕ್ಕಿ ಯಾರ ಎಡೆಯದು?” ಎಂದು ಕೇಳಿದರೆ ಉತ್ತರ ನಮ್ಮಲ್ಲಿರಬೇಕು. ಆದುದರಿಂದ ಮಠಕ್ಕೆ ಬರುವ ಸಾರ್ವಜನಿಕ ಹಣದ ಲೆಕ್ಕವನ್ನು ಇನ್ನು ಮುಂದೆ ಪ್ರತಿವರ್ಷ ಮಹಾದ್ವಾರದಲ್ಲಿ ಬರೆದು ಹಚ್ಚುವುದಾಗಿ ನಿಶ್ಚಯಿಸಿದ್ದೇವೆ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ನಾವು ಪುರಾಣದಂತೆ ಕೇಳಿ ಬಿಟ್ಟಿದ್ದೇವೆ. ಭಂಡಾರವನ್ನು ಕಾಯುವುದು ಅವರಿಗೆ ಕಾಯಕವಾಗಿತ್ತು. ಕಾಯಕವಾದ ಮೇಲೆ ಅದು ಪೂಜೆಯಷ್ಟೇ ಪವಿತ್ರ. ಈ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಖಜಾನೆಯಲ್ಲಿ, ತಾಲೂಕು ಕಚೇರಿಗಳಲ್ಲಿ, ಪಂಚಾಯತಿಗಳಲ್ಲಿ ಕೆಲಸದಲ್ಲಿದ್ದೀರಿ. ನಿಮ್ಮ ಮೇಜಿನ ಮೇಲೆ ತಡೆದು ನಿಂತ ಒಂದು ಬಿಲ್ಲು ಯಾವುದೋ ಹಳ್ಳಿಯಲ್ಲಿ ಉದ್ರಿಯಾಗಿ ಬೆಳೆಯುತ್ತಿರುತ್ತದೆ. ಅದನ್ನು ಮೊದಲು ಕೈಗೆತ್ತಿಕೊಳ್ಳಿರಿ. ಉಳಿದ ಸದ್ಭಕ್ತರು ಗ್ರಾಮಸಭೆಗೆ, ಪಂಚಾಯತಿಯ ಜಮಾಬಂದಿಗೆ ತಪ್ಪದೆ ಹೋಗಿರಿ. ಎಷ್ಟು ಹಣ ಬರಬೇಕಿತ್ತು, ಎಷ್ಟು ಬಂತು, ಎಂದು ಬಂತು ಎಂದು ವಿನಯದಿಂದ, ಆದರೆ ಬಿಡದೆ ಕೇಳಿರಿ. ಕೇಳುವುದು ದ್ರೋಹವಲ್ಲ, ತನ್ನ ಭಂಡಾರದ ಲೆಕ್ಕವನ್ನು ತಾನು ಕೇಳುವುದು ಪ್ರಜೆಯ ಕಾಯಕ.

ಆ ತಾಯಿ ಇಂದಿಗೂ ನಸುಕಿನಲ್ಲಿ ಎದ್ದು ಅಂಗನವಾಡಿಯ ಬೀಗ ತೆಗೆಯುತ್ತಾಳೆ. ಆಕೆಯಿಂದ ಪವಾಡವನ್ನು ನಿರೀಕ್ಷಿಸುವುದು ಬೇಡ; ದೀಪಕ್ಕೆ ಬೇಕಾದಷ್ಟು ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ತಲುಪಿಸೋಣ.