ಖಾಲಿ ತಕ್ಕಡಿ ಏನು ಹೇಳುತ್ತದೆ?

‘ವಿಜ್ಞಾನಿಗಳು ಕಂಡೆವು ಎನ್ನುವುದೆಲ್ಲ ಕೊನೆಗೆ ಅವರವರ ನಡುವಿನ ಒಪ್ಪಂದ’ ಎಂಬ ಮಾತು ಕೇಳಿದರೆ ನನಗೆ ರೇಗುತ್ತದೆ. ಸಿದ್ಧಾಂತವನ್ನು ಸುಳ್ಳಾಗಿಸಲು ಯತ್ನಿಸುವುದೇ ವಿಜ್ಞಾನ ಎಂಬ ತತ್ತ್ವಜ್ಞಾನಿ ಪಾಪ್ಪರ್ ಪಾಠ ಇದಕ್ಕೆ ಉತ್ತರವಾಗದು, ಬದಿಗಿಡೋಣ. ಎದುರಿಸಬೇಕಾದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್. ಐನ್‌ಸ್ಟೈನ್ ಸಿದ್ಧಾಂತ ಹೇಳುವ, ದೇಶ–ಕಾಲದಲ್ಲಿ ಹರಡುವ ಕಂಪನವಾದ ಗುರುತ್ವ ಅಲೆಯನ್ನು ಹುಡುಕುವವರನ್ನೇ ದಶಕಗಳ ಕಾಲ ಹತ್ತಿರದಿಂದ ಕಂಡವರು. ಅವರ ವಾದ ಹಗುರವಾದುದಲ್ಲ. ಅಲೆ ಇದೆಯೇ ಎಂದು ತಿಳಿಯಲು ಒಳ್ಳೆಯ ಉಪಕರಣ ಬೇಕು. ಉಪಕರಣ ಒಳ್ಳೆಯದೆನ್ನಲು ಅದು ಸರಿಯುತ್ತರ ಕೊಡಬೇಕು. ಸರಿಯುತ್ತರ ಯಾವುದೆನ್ನಲು ಅಲೆ ಇದೆಯೇ ಎಂದು ಮೊದಲೇ ಗೊತ್ತಿರಬೇಕು. 1969ರಲ್ಲಿ ಭೌತವಿಜ್ಞಾನಿ ಜೋಸೆಫ್ ವೆಬರ್ ತಮ್ಮ ಅಲ್ಯೂಮಿನಿಯಂ ದಿಮ್ಮಿಗಳಲ್ಲಿ ಅಲೆ ಸಿಕ್ಕಿತೆಂದರು. ಬೇರೆಯವರ ದಿಮ್ಮಿಗಳಿಗೆ ಸಿಗಲಿಲ್ಲ. ಯಾರದು ಸರಿ? ಈ ಸುತ್ತು ಕಡಿದದ್ದು ಸಾಕ್ಷ್ಯವಲ್ಲ, ಬಹುಮತ ಎನ್ನುತ್ತಾರೆ ಕಾಲಿನ್ಸ್.

ಹಾಗಾದರೆ ಲೀಸಾ ಪಾಥ್‌ಫೈಂಡರ್ ಮಾಡಿದ್ದೇನು? ಮುಂದೆ ಗುರುತ್ವ ಅಲೆ ಹುಡುಕಲಿರುವ ಲೀಸಾದ ತಂತ್ರವನ್ನು ಪರೀಕ್ಷಿಸಲು 2015ರ ಡಿಸೆಂಬರ್ 3ರಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಈ ನೌಕೆಗೆ ಗುರುತ್ವ ಅಲೆ ಹಿಡಿಯುವ ಶಕ್ತಿಯೇ ಇರಲಿಲ್ಲ. ಒಳಗೆ ಚಿನ್ನ–ಪ್ಲಾಟಿನಂ ಬೆರಕೆಯ ಎರಡು ಘನಗಳು. ಪ್ರತಿಯೊಂದರ ಬದಿ 46 ಮಿಲಿಮೀಟರ್, ತೂಕ ಸುಮಾರು ಎರಡು ಕಿಲೋ, ನಡುವಿನ ಅಂತರ ಸುಮಾರು 38 ಸೆಂಟಿಮೀಟರ್. ಅವು ಯಾವುದಕ್ಕೂ ತಾಗದೆ ತೇಲಬೇಕು. ನೌಕೆ ಸಣ್ಣ ಸಣ್ಣ ನೂಕುಗಳಿಂದ ಸರಿದಾಡಿ ಅವಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಅವೆಷ್ಟು ನಿಶ್ಚಲ ಎಂದು ಲೇಸರ್ ಅಳೆಯಿತು. ಅಳಿದುಳಿದ ಗಾಳಿಯ ಅಣುಗಳು ಬಡಿಯುವ ಕಂಪನ ಕೂಡ ಕಂಡಿತು. ಆ ಗಾಳಿ ಹೊರಗೆ ಸೋರಿಹೋದಂತೆಲ್ಲ ಕಂಪನ ತಗ್ಗಿತು. ವಿಶ್ವಕಿರಣಗಳು ಘನಗಳಿಗೆ ಹತ್ತಿಸಿದ ವಿದ್ಯುದಾವೇಶವನ್ನು ನೇರಳಾತೀತ ಬೆಳಕು ತೆಗೆಯಿತು. ನಿಶ್ಚಲತೆ ಗೊತ್ತುಪಡಿಸಿದ್ದಕ್ಕಿಂತ ಐದು ಪಟ್ಟು ಮಿಗಿಲಾಗಿತ್ತು. ಇದಾವುದಕ್ಕೂ ಅಲೆ ಇದೆಯೆಂದು ನಂಬಬೇಕಿಲ್ಲ. ಕಾಲಿನ್ಸ್ ಸುತ್ತು ಇಲ್ಲಿ ಮುರಿಯಿತು ಅಂದುಕೊಂಡೆ.

ನಮ್ಮಪ್ಪ ದಿನಸಿ ಅಂಗಡಿಯಲ್ಲಿ ಬೇಳೆ ತೂಗುವ ಮೊದಲು ಖಾಲಿ ತಕ್ಕಡಿ ಎತ್ತಿ, ಮುಳ್ಳು ನೆಟ್ಟಗಿರುವುದನ್ನು ಗಿರಾಕಿಗೆ ತೋರಿಸುತ್ತಿದ್ದರು. ಬೇಳೆಯೆಷ್ಟೆಂದು ತಿಳಿಯದೆಯೂ ತಕ್ಕಡಿಯ ಗುಣ ತಿಳಿಯುತ್ತಿತ್ತು, ಪಾಥ್‌ಫೈಂಡರ್‌ನಲ್ಲಿ ಆದಂತೆಯೇ. ಒಬ್ಬ ಅಜ್ಜ ಮಾತ್ರ ಒಪ್ಪುತ್ತಿರಲಿಲ್ಲ. ಕಲ್ಲನ್ನೂ ಬೇಳೆಯನ್ನೂ ತಟ್ಟೆ ಬದಲಿಸಿ ಮತ್ತೆ ತೂಗಿಸುತ್ತಿದ್ದರು. ಅವರದ್ದೇ ಸರಿ: ಕೋಲಿನ ತೋಳುಗಳು ಸಮವಿಲ್ಲದಿದ್ದರೂ ಖಾಲಿ ತಕ್ಕಡಿಯ ಮುಳ್ಳನ್ನು ನೆಟ್ಟಗೆ ನಿಲ್ಲಿಸಬಹುದು. ತಪ್ಪು ಬಯಲಾಗುವುದು ಭಾರ ಬಿದ್ದ ಮೇಲೆ.

ಕಾಲಿನ್ಸ್ ಕೂಡ ಇದನ್ನೇ ಹೇಳಿದ್ದರು: ಪರೀಕ್ಷೆಗೆ ಬಳಸಿದ್ದು, ಹುಡುಕುತ್ತಿರುವುದನ್ನು ಹೋಲುತ್ತದೆಂದು ಯಾರು ಹೇಳಿದರು? ಲೀಸಾದ ಮೂರು ನೌಕೆಗಳ ನಡುವಿನ ಅಂತರ 25 ಲಕ್ಷ ಕಿಲೋಮೀಟರ್. 38 ಸೆಂಟಿಮೀಟರ್ ಅದಕ್ಕೆ ಎಷ್ಟು ದೂರ ಸಾಕ್ಷಿ ನುಡಿದೀತು? ಪಾಥ್‌ಫೈಂಡರ್‌ನಲ್ಲೇ ಆಗಾಗ ಕಾಣಿಸಿದ ಕೆಲವು ದಿಢೀರ್ ಜಿಗಿತಗಳ ಮೂಲ ಪೂರ್ತಿ ಬಿಡಿಸಿಲ್ಲ. ಇಷ್ಟನ್ನು ಅವರಿಗೆ ಬಿಟ್ಟುಕೊಡಲೇಬೇಕು.

ಆದರೂ ಒಂದು ದಾರಿಯಿದೆ. ಐದೂವರೆ ನಿಮಿಷದೊಳಗೆ ಒಂದು ಸುತ್ತು ಹಾಕುವ ಎಚ್‌ಎಂ ಕ್ಯಾಂಕ್ರಿಯಂಥ ಶ್ವೇತಕುಬ್ಜ ನಕ್ಷತ್ರ ಜೋಡಿಗಳು ದೂರದರ್ಶಕಗಳಿಗೆ ಈಗಾಗಲೇ ಪರಿಚಿತ. 2035ರ ಹೊತ್ತಿಗೆ ಲೀಸಾ ಹಾರಿದಾಗ ಅವುಗಳ ಅಲೆ ಅದಕ್ಕೆ ಸಿಗಲೇಬೇಕು. ಭಾರವಿಟ್ಟು ನೋಡುವ ಪರೀಕ್ಷೆ ಅದು. ಸಿಗದಿದ್ದರೆ? ನಾನು ಮೊದಲು ಸಂಶಯಪಡುವುದು ಉಪಕರಣವನ್ನು, ಐನ್‌ಸ್ಟೈನ್‌ರನ್ನಲ್ಲ. 2015ರಲ್ಲಿ ಭೂಮಿಯ ಮೇಲಿನ ಲೈಗೋ ಶೋಧಕ ಹಿಡಿದ ಅಲೆ ಇದಕ್ಕೆ ಆಧಾರ ಎನ್ನಬಹುದು. ಆದರೆ ಲೈಗೋ ಉಪಕರಣವನ್ನು ನಂಬಿ ಲೀಸಾವನ್ನು ಶಂಕಿಸಲು ನನಗಿರುವ ಕಾರಣದಲ್ಲಿ ಸಾಕ್ಷ್ಯವೆಷ್ಟು, ಎಲ್ಲರೂ ಒಪ್ಪಿದ್ದಾರೆಂಬ ಧೈರ್ಯವೆಷ್ಟು ಎಂಬುದನ್ನು ಬೇರೆ ಬೇರೆ ಮಾಡಿ ತೋರಿಸಲು ನನ್ನಿಂದ ಇನ್ನೂ ಆಗಿಲ್ಲ.