ಬುದ್ಧಿ ಹೇಳುವ ಮುಂಚೆ ಕೇಳಿಸಿಕೋ

ಯುವಜನರ ಸಭೆಯ ಸಂದೇಶ, ಯಾದಗಿರಿ
ವಾಕ್ಯಭಾಗ: ಯೋಹಾನ 5:1–15, ಜ್ಞಾನೋಕ್ತಿಗಳು 20:5

ಶಹಾಪುರದಿಂದ, ಸುರಪುರದಿಂದ ಬೆಳಗ್ಗೆಯೇ ಬಸ್ಸು ಹತ್ತಿ ಬಂದಿದ್ದೀರಿ, ದೇವರು ನಿಮ್ಮನ್ನು ಆಶೀರ್ವದಿಸಲಿ. ಬೆಂಗಳೂರಿನ ರೂಮುಗಳಲ್ಲಿ ಕುಳಿತು ಮೊಬೈಲಿನಲ್ಲಿ ಕೇಳುತ್ತಿರುವ ನಮ್ಮ ಕಡೆಯ ತಮ್ಮಂದಿರಿಗೂ ತಂಗಿಯರಿಗೂ ವಂದನೆಗಳು.

ಒಂದು ಪ್ರಶ್ನೆ ಕೇಳುತ್ತೇನೆ. ಬಿಡಬೇಕು ಅಂತ ಗೊತ್ತಿದ್ದೂ ಬಿಡಲಾಗದ ಒಬ್ಬರು ನಿಮ್ಮ ಮನೆಯಲ್ಲಿ, ನಿಮ್ಮ ರೂಮಿನಲ್ಲಿ ಇದ್ದಾರಾ? ಕುಡಿತ ಇರಬಹುದು, ಗುಟ್ಕಾ ಇರಬಹುದು, ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟ ಇರಬಹುದು. ಕೈ ಎತ್ತಬೇಡಿ. ಹೀಗೆ ಎಲ್ಲರ ಮುಂದೆ ತೋರಿಸಿಯೇ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ನನಗೊಬ್ಬ ತಮ್ಮ ಇದ್ದಾನೆ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಅವನೂ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ. ಅಲ್ಲಿ ಕುಡಿತ ಹತ್ತಿತು. ಊರಿಗೆ ಬಂದಾಗಲೆಲ್ಲ ನಾನು ಬೈಬಲ್ ತೆಗೆದು ಅವನ ಮುಂದೆ ಕೂರುತ್ತಿದ್ದೆ. ಕುಡುಕರ ಬಗ್ಗೆ ಇರುವ ವಾಕ್ಯಗಳೆಲ್ಲ ನನಗೆ ಬಾಯಿಪಾಠ. ಅವನು "ಬಿಡ್ತೀನಿ ಬಿಡಣ್ಣಾ" ಅನ್ನುತ್ತಿದ್ದ, ಸಂಜೆಗೆ ಮತ್ತೆ ಕುಡಿದು ಬರುತ್ತಿದ್ದ. ಒಂದು ಭಾನುವಾರ ಅವ್ವ ಅತ್ತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆರಾಧನೆಯಲ್ಲಿ, ಮೈಕಿನಲ್ಲಿ, ಅವನ ಹೆಸರು ಹಿಡಿದು ಕುಡಿತದ ಆತ್ಮ ಬಿಟ್ಟು ಹೋಗಲಿ ಅಂತ ಪ್ರಾರ್ಥನೆ ಮಾಡಿದೆ. ಸಭೆ ಜೋರಾಗಿ ಆಮೆನ್ ಅಂದಿತು. ಅವನು ಹಿಂದೆ ಬಾಗಿಲ ಹತ್ತಿರ ಕುಳಿತಿದ್ದ. ಎದ್ದ, ಚಪ್ಪಲಿ ಹಾಕಿಕೊಂಡ, ಹೋದ. ಹದಿನಾಲ್ಕು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಪ್ರಿಯರೇ, ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಆ ಸತ್ಯದಿಂದ ನನ್ನ ತಮ್ಮ ಬದಲಾಗಲಿಲ್ಲ, ದೂರವಾದ.

ಈಗ ವಾಕ್ಯಕ್ಕೆ ಬರೋಣ. ಬೇತ್ಸಥಾ ಕೊಳದ ಹತ್ತಿರ ಒಬ್ಬ ಮನುಷ್ಯ 38 ವರ್ಷದಿಂದ ರೋಗಿಯಾಗಿ ಬಿದ್ದಿದ್ದಾನೆ. ಯೇಸು ಅವನನ್ನು ನೋಡುತ್ತಾನೆ. ಬಹುಕಾಲದಿಂದ ಹೀಗಿದ್ದಾನೆ ಅಂತ ಆತನಿಗೆ ಗೊತ್ತು. ಎಲ್ಲ ಗೊತ್ತಿದ್ದೂ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: ವಾಸಿಯಾಗಬೇಕು ಅಂತ ನಿನಗೆ ಮನಸ್ಸಿದೆಯಾ? ಅವನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ನನ್ನನ್ನು ಇಳಿಸುವವರು ಯಾರೂ ಇಲ್ಲ, ಬೇರೆಯವರು ಮುಂದೆ ಹೋಗಿಬಿಡುತ್ತಾರೆ ಅಂತ ತನ್ನ ಸಂಕಟ ಹೇಳಿಕೊಂಡ. ನಾವಾಗಿದ್ದರೆ "ನೆವ ಹೇಳಬೇಡ" ಅನ್ನುತ್ತಿದ್ದೆವು. ಯೇಸು ಪೂರ್ತಿ ಕೇಳಿಸಿಕೊಂಡ. ಆಮೇಲೆ ಏಳು ಅಂದ. ಪಾಪ ಮಾಡಬೇಡ ಅನ್ನುವ ಗಟ್ಟಿ ಮಾತನ್ನೂ ಹೇಳಿದ, ಆದರೆ ಅದು 14ನೆಯ ವಚನದಲ್ಲಿ, ಅವನು ಎದ್ದು ನಡೆದ ಮೇಲೆ. ನಾನು ನನ್ನ ತಮ್ಮನಿಗೆ ಆ 14ನೆಯ ವಚನದಿಂದಲೇ ಶುರುಮಾಡಿದ್ದೆ.

ತಮ್ಮ ಮಾತು ಬಿಟ್ಟ ಆ ದಿನಗಳಲ್ಲಿ ಒಬ್ಬ ಆಪ್ತಸಮಾಲೋಚಕಿ ಸಿಸ್ಟರ್ ನಮ್ಮಂಥ ಕೆಲವು ಸೇವಕರಿಗೆ ಎರಡು ದಿನ ಮಾತಾಡುವ ವಿಧಾನ ಕಲಿಸಿದರು. ಅದಕ್ಕೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂತ ಹೆಸರು. ವಿಲಿಯಂ ಮಿಲ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಕುಡಿತಕ್ಕೆ ಬಿದ್ದವರ ಜೊತೆ ಕೆಲಸ ಮಾಡುತ್ತಾ 1983ರಲ್ಲಿ ಇದರ ಬಗ್ಗೆ ಮೊದಲು ಬರೆದರು. 1991ರಲ್ಲಿ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಪುಸ್ತಕ ಮಾಡಿದರು. ಇವತ್ತು ಲೋಕದ ಎಷ್ಟೋ ದೇಶಗಳಲ್ಲಿ ಡಾಕ್ಟರು, ನರ್ಸುಗಳು ಇದನ್ನು ಕಲಿಯುತ್ತಾರೆ.

ಅದರ ತಿರುಳು ಇಷ್ಟು. ಚಟಕ್ಕೆ ಬಿದ್ದವನ ಒಳಗೆ ಎರಡು ಮನಸ್ಸು ಇರುತ್ತವೆ. ಒಂದು ಬಿಡೋಣ ಅನ್ನುತ್ತದೆ, ಇನ್ನೊಂದು ಇರಲಿ ಅನ್ನುತ್ತದೆ. ನಾವು ಹೋಗಿ "ಬಿಡು, ಬಿಡು" ಅಂತ ವಾದ ಮಾಡಿದರೆ ಅವನಿಗೆ ಉಳಿಯುವುದು ಇನ್ನೊಂದು ಪಕ್ಷ ಮಾತ್ರ. "ನಾನೇನು ದಿನಾ ಕುಡೀತೀನಾ? ನನ್ನ ದುಡ್ಡು, ನಾ ಕುಡೀತೀನಿ" ಅನ್ನುತ್ತಾನೆ. ಹೇಳುತ್ತಾ ಹೇಳುತ್ತಾ ಅದನ್ನೇ ನಂಬುತ್ತಾನೆ. ಬಿಡಬೇಕು ಅನ್ನುವ ಮಾತು ನಮ್ಮ ಬಾಯಿಂದಲ್ಲ, ಅವನ ಬಾಯಿಂದ ಬರಬೇಕು.

ಕೇಳಿದಾಗ ನನಗೆ ಜ್ಞಾನೋಕ್ತಿ 20:5 ನೆನಪಾಯಿತು. ಮನುಷ್ಯನ ಹೃದಯದ ಆಲೋಚನೆ ಆಳದ ನೀರಿನ ಹಾಗೆ, ವಿವೇಕಿ ಅದನ್ನು ಸೇದುತ್ತಾನೆ ಅನ್ನುವ ಅರ್ಥದ ಮಾತು ಅಲ್ಲಿದೆ. ಬಾವಿಯಲ್ಲಿ ನೀರಿದೆ. ನಾವು ಹಗ್ಗ ಇಳಿಸುವ ಬದಲು ಮೇಲಿಂದ ನೀರು ಸುರಿಯುತ್ತಿದ್ದೇವೆ. ಸ್ತೋತ್ರ!

ಆ ಸಿಸ್ಟರ್ ನಾಲ್ಕು ವಿಷಯ ಹೇಳಿಕೊಟ್ಟರು. ಬರೆದುಕೊಳ್ಳಿ.

ಮೊದಲನೆಯದು, ಹೌದು ಅಥವಾ ಇಲ್ಲ ಅಂತ ಮುಗಿಯದ ಪ್ರಶ್ನೆ ಕೇಳಿ. "ಇವತ್ತೂ ಕುಡಿದೆಯಾ?" ಅನ್ನುವುದು ಪೊಲೀಸ್ ಪ್ರಶ್ನೆ. "ಇದರಿಂದ ನಿನಗೆ ಏನು ಸಿಗುತ್ತದೆ, ಏನು ಹೋಗುತ್ತದೆ?" ಅನ್ನುವುದು ಅಣ್ಣನ ಪ್ರಶ್ನೆ.

ಎರಡನೆಯದು, ಅವನಲ್ಲಿರುವ ಒಳ್ಳೆಯದನ್ನು ನೋಡಿ ಹೇಳಿ. ಹೊಗಳಿಕೆಯಲ್ಲ, ನಿಜ. ಸಮಾರ್ಯದ ಸ್ತ್ರೀ ತನಗೆ ಗಂಡನಿಲ್ಲ ಅಂದಾಗ ಯೇಸು ಮೊದಲು ಗುರುತಿಸಿದ್ದು ಅವಳು ನಿಜ ಹೇಳಿದಳು ಅನ್ನುವುದನ್ನು.

ಮೂರನೆಯದು, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಆಗ ಅವನಿಗೆ ಇವನು ಕೇಳಿಸಿಕೊಂಡ ಅಂತ ಗೊತ್ತಾಗುತ್ತದೆ. ತಪ್ಪು ತಿಳಿದಿದ್ದರೆ ಅವನೇ ತಿದ್ದುತ್ತಾನೆ.

ನಾಲ್ಕನೆಯದು, ಕೊನೆಗೆ ಅವನು ಹೇಳಿದ್ದನ್ನೆಲ್ಲ ಒಟ್ಟುಮಾಡಿ ಅವನ ಮುಂದೆ ಇಡಿ, "ಮುಂದೇನು ಮಾಡಬೇಕು ಅಂತೀ?" ಅಂತ ಕೇಳಿ. ಸಲಹೆ ಕೊಡುವುದಿದ್ದರೆ "ಒಂದು ಮಾತು ಹೇಳಲಾ?" ಅಂತ ಅನುಮತಿ ತೆಗೆದುಕೊಳ್ಳಿ.

ಪಾಸ್ಟರ್, ಇದು ಲೋಕದ ಜ್ಞಾನ ಅಲ್ವಾ, ನಮಗೆ ಅಭಿಷೇಕ ಇದೆಯಲ್ಲಾ ಅಂತ ಕೇಳುತ್ತೀರಿ. ಯೋಹಾನ 16:8 ತೆಗೆಯಿರಿ. ಪಾಪವನ್ನು ಮನಗಾಣಿಸುವುದು ಯಾರ ಕೆಲಸ? ಪವಿತ್ರಾತ್ಮನ ಕೆಲಸ. ಆ ಮೈಕಿನಲ್ಲಿ ನಾನು ಆತನ ಕುರ್ಚಿಯಲ್ಲಿ ಕುಳಿತಿದ್ದೆ. ಕೇಳಿಸಿಕೊಳ್ಳುವುದು ಅಂದರೆ ಆ ಕುರ್ಚಿ ಬಿಟ್ಟು ಏಳುವುದು. ದೇವರು ಆ ಮನುಷ್ಯನ ಒಳಗೆ ನನಗಿಂತ ಮುಂಚೆಯೇ ಕೆಲಸ ಮಾಡುತ್ತಿದ್ದಾನೆ ಅಂತ ನಂಬುವುದು. ಆಮೆನ್ ಹೇಳುವವರು ಹೇಳಿ.

ಶಹಾಪುರದ ಮಲಗಿದ ಬುದ್ಧನ ಬೆಟ್ಟ ಎಲ್ಲರೂ ನೋಡಿದ್ದೀರಿ. ದೂರದಿಂದ ಮಲಗಿದ ಒಬ್ಬ ಮನುಷ್ಯ. ಹತ್ತಿರ ಹೋದರೆ ಬೇರೆ ಬೇರೆ ಬಂಡೆ. ನನಗೂ ದೂರದಿಂದ ತಮ್ಮ ಬರೀ "ಕುಡುಕ"ನಾಗಿ ಕಾಣುತ್ತಿದ್ದ. ಹತ್ತಿರ ಹೋದದ್ದು ಯಾವಾಗ ಅಂದರೆ, ಅವ್ವನ ಕಣ್ಣಿನ ಆಪರೇಷನ್‌ಗೆ ಅವನು ಬಂದಾಗ. ಬೆಳಗಿನ ಜಾವ ಯಾದಗಿರಿ ಸ್ಟೇಷನ್‌ನಲ್ಲಿ ಇಳಿದ. ಶಹಾಪುರಕ್ಕೆ ರೈಲಿಲ್ಲ, ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತೆವು.

"ಹ್ಯಾಂಗ ಅದಿ ತಮ್ಮಾ?" ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮೈ ನೋಯ್ತದಣ್ಣಾ. ಕುಡೀಲಿಲ್ಲ ಅಂದ್ರ ನಿದ್ದಿ ಬರಂಗಿಲ್ಲ" ಅಂದ.

ನಾಲಿಗೆ ತುದಿಗೆ ವಾಕ್ಯ ಬಂತು. ನುಂಗಿಕೊಂಡೆ. "ದಿನಾ ಭಾರ ಹೊತ್ತು ಹೊತ್ತು ಮೈ ನೋಯ್ತದ, ಕುಡುದ್ರ ಅಷ್ಟು ನಿದ್ದಿ" ಅಂತ ಅವನದೇ ಮಾತು ಹೇಳಿದೆ. ಅವನು ನನ್ನ ಮುಖ ನೋಡಿದ. "ಹೂಂ. ಖರೇ ಹೇಳ್ಬೇಕಂದ್ರ ಈಗ ಕುಡುದ್ರೂ ಬರಂಗಿಲ್ಲ. ಮಗಳು ಫೋನ್ ಎತ್ತಿದ ಕೂಡ್ಲೆ ಕೇಳ್ತಾಳ, ಅಪ್ಪಾ ಕುಡುದಿ ಏನು ಅಂತ."

"ಆಕಿ ಹಂಗ ಕೇಳ್ದಾಗ ನಿನಗೇನ್ ಅನಸ್ತದ?"

ಅವನು ಅತ್ತ. ಆಮೇಲೆ ತಾನೇ ಹೇಳಿದ, "ಇದು ಸಾಕಾಗ್ಯದಣ್ಣಾ." ನಾನು ಎಷ್ಟೋ ವರ್ಷ ಅವನ ಬಾಯಿಗೆ ತುರುಕಲು ನೋಡಿದ ಮಾತು!

ಆಗ ಅನುಮತಿ ಕೇಳಿ ಒಂದೇ ವಿಷಯ ಹೇಳಿದೆ: ಡಾಕ್ಟರ ಹತ್ತಿರ ಹೋಗೋಣ. ಇದನ್ನು ನೀವೂ ಗಮನವಿಟ್ಟು ಕೇಳಿ. ದಿನಾ ಬಹಳ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಜೀವಕ್ಕೇ ಅಪಾಯ ಆಗಬಹುದು. ಪ್ರಾರ್ಥನೆ ಮಾಡಿ, ಆಸ್ಪತ್ರೆಗೂ ಕರೆದುಕೊಂಡು ಹೋಗಿ. ಯಾರಾದರೂ ಸಾಯುವ ಮಾತಾಡಿದರೆ ನಿಮ್ಮ ಮಾತಿನ ಕಲೆಯನ್ನೇ ನಂಬಿ ಕೂರಬೇಡಿ, ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ, ದುಡ್ಡಿಲ್ಲ. ತಂಬಾಕು ಬಿಡುವವರಿಗೆ 1800-11-2356 ಇದೆ. ಮತ್ತೆ, ಯಾರಾದರೂ ನಿಮ್ಮನ್ನು ನಂಬಿ ಹೇಳಿದ್ದನ್ನು ಪ್ರಾರ್ಥನೆ ವಿಷಯ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ದಯವಿಟ್ಟು.

ತಮ್ಮ ಬಿಟ್ಟನಾ? ಔಷಧ ತೆಗೆದುಕೊಂಡ, ಕೆಲವು ತಿಂಗಳು ಬಿಟ್ಟ, ಒಂದು ಜಾತ್ರೆಯಲ್ಲಿ ಮತ್ತೆ ಕುಡಿದ. ಆದರೆ ಆ ರಾತ್ರಿ ಅವನೇ ಫೋನ್ ಮಾಡಿ "ಅಣ್ಣಾ, ಬಿದ್ನಿ" ಅಂದ. ಮೊದಲು ನನ್ನಿಂದ ಮುಚ್ಚಿಡುತ್ತಿದ್ದ. ಬಿದ್ದಾಗ ನನ್ನನ್ನು ಕರೆದನಲ್ಲಾ, ಅದಕ್ಕೇ ನಾನು ದೇವರಿಗೆ ಸ್ತೋತ್ರ ಹೇಳಿದೆ. ಈಗಲೂ ಒಂದೊಂದೇ ದಿನ ನಡೆಯುತ್ತಿದ್ದಾನೆ. ಇವತ್ತು ಈ ಸಾಕ್ಷಿ ಹೇಳುವ ಮುಂಚೆ ಅವನನ್ನು ಕೇಳಿದೆ. "ಹೇಳು, ಹೆಸರ ಮಾತ್ರ ಹೇಳಬ್ಯಾಡ" ಅಂದ.

ಈ ವಾರ ಒಂದು ಕೆಲಸ ಮಾಡಿ. ಒಬ್ಬರ ಹತ್ತಿರ ಹೋಗಿ ಹತ್ತು ನಿಮಿಷ ಕುಳಿತುಕೊಳ್ಳಿ. ಒಂದು ಪ್ರಶ್ನೆ ಕೇಳಿ. ಉತ್ತರ ಮುಗಿಯುವ ತನಕ ಬಾಯಿ ತೆರೆಯಬೇಡಿ. ಅಷ್ಟೇ.

ಕಣ್ಣು ಮುಚ್ಚೋಣ. ಕರ್ತನೇ, 38 ವರ್ಷದ ಸಂಕಟವನ್ನು ಕೇಳಿಸಿಕೊಂಡ ನಿನ್ನ ಕಿವಿಗಳನ್ನು ನಮಗೆ ಕೊಡು. ಅವಸರದ ನಮ್ಮ ಬಾಯಿಗಳನ್ನು ಕ್ಷಮಿಸು. ನಮ್ಮ ಮಾತಿಗೆ ನೊಂದು ಸಭೆ ಬಿಟ್ಟು ಹೋದವರನ್ನು ಹುಡುಕಿ ಹೋಗುವ ಧೈರ್ಯ ಕೊಡು. ಅವರ ಒಳಗೆ ನೀನು ಶುರುಮಾಡಿದ ಕೆಲಸವನ್ನು ನೀನೇ ಮುಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.