ಇರುವೆ ತಿನ್ನುವ ಗಿಡವೂ ಬೆಳೆಸುವವರ ಹೊಣೆಯೂ

ಗಿಡವೊಂದು ಇರುವೆಯನ್ನು ತಿಂದರೆ ಪಾಪ ಯಾರಿಗೆ? ಗಿಡಕ್ಕಂತೂ ಅಲ್ಲ, ಅದಕ್ಕೆ ಸಂಕಲ್ಪವಿಲ್ಲ. ಇರುವೆಗೂ ಅಲ್ಲ, ಅದು ಸಿಹಿಯ ಆಸೆಗೆ ಬಂದದ್ದು ನಿಜವಾದರೂ, ಆಸೆಪಟ್ಟದ್ದಕ್ಕೆ ಮರಣದಂಡನೆ ವಿಧಿಸುವ ಶಾಸ್ತ್ರ ನಮಗೆ ತಿಳಿದಿಲ್ಲ. ಉಳಿದವರು ಆ ಗಿಡವನ್ನು ಕುಂಡದಲ್ಲಿ ನೆಟ್ಟು, ನೀರೆರೆದು, ಬಾಲ್ಕನಿಯಲ್ಲಿ ತೂಗುಹಾಕಿದವರು, ಅಂದರೆ ನಾವು. ಮುಂಬಯಿಯ ಸರಕಾರಿ ವಸತಿಗೃಹದ ಮೂರನೆಯ ಅಂತಸ್ತಿನಲ್ಲಿ ಏಳೆಂಟು ವರ್ಷಗಳಿಂದ ಹೂಜಿಗಿಡಗಳನ್ನು ಸಾಕುತ್ತ ಬಂದಿರುವ ನಮ್ಮನ್ನು ಈ ಪ್ರಶ್ನೆ ಕೇಳದ ಅತಿಥಿಗಳು ವಿರಳ. ಕೆಲವರು ನಗುತ್ತ ಕೇಳುತ್ತಾರೆ. ಕೆಲವರು ಚಹಾ ಮುಗಿಯುವ ತನಕ ಸುಮ್ಮನಿದ್ದು, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆಯಿದೆ. ಅದನ್ನು ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ ನಾವೇ ಕೇಳಿಕೊಳ್ಳಬೇಕಾಗಿದೆ.

ಮೊದಲು ಗಿಡದ ಪರಿಚಯ. ಸಸ್ಯಶಾಸ್ತ್ರ ಓದಿದವರಿಗೆ ನೆಪೆಂಥಿಸ್ ಎಂಬ ಹೆಸರು ಹೊಸದಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ, ಫಾರ್ಮಲಿನ್ ತುಂಬಿದ ಜಾಡಿಯೊಳಗೆ ಬಣ್ಣಗೆಟ್ಟು ಮುಳುಗಿದ ಹೂಜಿಯನ್ನು ನೋಡಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಪಡೆದ ಬಿ.ಎಸ್ಸಿ.ಗಳಲ್ಲಿ ನಾವೂ ಸೇರಿದ್ದೇವೆ. ಜೀವಂತ ಗಿಡದ ಗತ್ತೇ ಬೇರೆ. ಎಲೆಯ ತುದಿ ಬಳ್ಳಿಯಂತೆ ನೀಳವಾಗಿ ಇಳಿದು, ಅದರ ಕೊನೆ ದಿನದಿಂದ ದಿನಕ್ಕೆ ಉಬ್ಬಿ, ಒಂದು ಬೆಳಿಗ್ಗೆ ಮುಚ್ಚಳ ತೆರೆದು ಹೂಜಿಯಾಗುತ್ತದೆ. ನೋಡಿದವರು ಹೂವೆನ್ನುತ್ತಾರೆ, ಅದು ಎಲೆಯೇ. ಮುಚ್ಚಳದ ಕೆಳಗೂ ಬಾಯಂಚಿನಲ್ಲೂ ಸಿಹಿರಸ ಒಸರುತ್ತದೆ. ಅಂಚು ಒಣಗಿದ್ದಾಗ ಇರುವೆ ಅದರ ಮೇಲೆ ಸುಖವಾಗಿ ಓಡಾಡಿ ಹೊಟ್ಟೆತುಂಬ ಕುಡಿದು ಹೋಗುತ್ತದೆ. ತೇವವಾಯಿತೆಂದರೆ ಅಂಚಿನ ಮೇಲೆ ನೀರಿನ ತೆಳುಪೊರೆ ನಿಂತು ಕಾಲು ಜಾರುತ್ತದೆ. ಇದನ್ನು ಬೋನ್ ಮತ್ತು ಫೆಡರ್ಲೆ ಎಂಬ ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. ಜಾರಿದ್ದು ಕೆಳಗಿನ ಜೀರ್ಣರಸದಲ್ಲಿ ಬೀಳುತ್ತದೆ. ಗಿಡ ತನ್ನ ಅನ್ನವನ್ನು ಎಲ್ಲ ಗಿಡಗಳಂತೆ ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ. ಅದು ಬೆಳೆಯುವ ನೆಲ ಬಡವಾದದ್ದು. ಸಾರಜನಕ, ರಂಜಕ ಅಲ್ಲಿ ಸಾಲದು. ಆ ಕೊರತೆ ತುಂಬುವುದಕ್ಕೆ ಇರುವೆ. ಹೀಗಾಗಿ ಇರುವೆ ಅದಕ್ಕೆ ಊಟವಲ್ಲ, ಗೊಬ್ಬರ.

ಇಂಥ ಗಿಡ ಅಪರೂಪವೆಂದು ತಿಳಿಯಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಸಾತಾರೆಯ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋಗಿಬಂದ ಮುಂಬಯಿ, ಪುಣೆಯ ವಾಚಕರು ನೀಲಿ ಹಾಸಿನಂತೆ ಹಬ್ಬಿದ ಪುಟ್ಟ ಹೂಗಳನ್ನು ನೋಡಿರುತ್ತಾರೆ. ಮರಾಠಿಯಲ್ಲಿ ಅದಕ್ಕೆ ‘ಸೀತೇಚಿ ಆಸವೇ’, ಸೀತೆಯ ಕಣ್ಣೀರು, ಎನ್ನುತ್ತಾರೆ. ಆ ಕಣ್ಣೀರಿನ ಗಿಡ ತೇವದ ನೆಲದೊಳಗೆ ಸೂಕ್ಷ್ಮ ಚೀಲಗಳನ್ನಿಟ್ಟು ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿಯುತ್ತದೆ. ಅಲ್ಲಿ ನಿಂತು ಪಾಪಪುಣ್ಯದ ಮಾತೆತ್ತಿದವರನ್ನು ನಾವು ಕಂಡಿಲ್ಲ. ಎಲ್ಲರೂ ಫೋಟೋ ತೆಗೆಸಿಕೊಂಡು ಬರುತ್ತಾರೆ. ಕಾಸ್‌ನಲ್ಲಿ ನೆಟ್ಟವರಿಲ್ಲ, ನಮ್ಮ ಬಾಲ್ಕನಿಯಲ್ಲಿ ಇದ್ದಾರೆ, ವ್ಯತ್ಯಾಸ ಇಷ್ಟೇ.

ನಮ್ಮ ತಾಯಿಯವರು ಧಾರವಾಡದ ಕಡೆಯವರು. ಊರಿನಲ್ಲಿ ಬೆಳಿಗ್ಗೆ ಇರುವೆ ಗೂಡಿನ ಬಾಯಿಗೆ ಚಿಟಿಕೆ ಸಕ್ಕರೆ ಹಾಕದೆ ಅವರ ದಿನ ಮೊದಲಾಗುತ್ತಿರಲಿಲ್ಲ. ಮುಂಬಯಿಗೆ ಬಂದ ಮೇಲೆ ಆ ಸೇವೆ ಬಾಲ್ಕನಿಯ ಮೂಲೆಯಲ್ಲಿ ನಡೆಯುತ್ತದೆ. ಹೂಜಿಗಳು ಅಲ್ಲಿಂದ ಮೂರಡಿ ದೂರ. “ಅಲ್ಲಪಾ, ಈ ಮೂಲ್ಯಾಗ ನಾ ಇರಿವಿಗೆ ಸಕ್ರಿ ಹಾಕತೀನಿ, ಆ ಮೂಲ್ಯಾಗ ನಿನ್ನ ಗಿಡಾ ಅವನ್ನ ತಿಂತದ. ಮ್ಯಾಲೆ ಕುಂತಾಂವ ನಮ್ಮನಿ ಲೆಕ್ಕಾ ಹೆಂಗ ಬರೀಬೇಕು?” ಎಂದು ಅವರು ಕೇಳಿದಾಗ, ಹಗಲೆಲ್ಲ ಜಮಾಖರ್ಚಿನಲ್ಲೇ ಬದುಕುವ ನಮಗೂ ಕೂಡಲೆ ಉತ್ತರ ಹೊಳೆಯಲಿಲ್ಲ. ಜೈನ ಶಾಸ್ತ್ರಕಾರರು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದ್ದಾರಷ್ಟೆ. ಗಿಡಮರಗಳು ಸ್ಪರ್ಶ ಮಾತ್ರವುಳ್ಳ ಏಕೇಂದ್ರಿಯಗಳು. ಇರುವೆಗೆ ಮೂರು ಇಂದ್ರಿಯ, ನೊಣಕ್ಕೆ ನಾಲ್ಕು. ಕಡಿಮೆ ಇಂದ್ರಿಯದ್ದನ್ನು ತಿಂದರೆ ಕಡಿಮೆ ಹಿಂಸೆ ಎಂಬ ತರ್ಕ ನಮ್ಮ ಊಟದ ತಟ್ಟೆಯನ್ನು ಇಷ್ಟು ಕಾಲ ಕಾಪಾಡಿದೆ. ಹೂಜಿಗಿಡ ಆ ಮೆಟ್ಟಿಲನ್ನೇ ತಲೆಕೆಳಗು ಮಾಡಿ, ಒಂದು ಇಂದ್ರಿಯವಿಟ್ಟುಕೊಂಡು ನಾಲ್ಕು ಇಂದ್ರಿಯದ್ದನ್ನು ಅರಗಿಸುತ್ತದೆ. ಆದರೆ ವ್ರತನಿಯಮಗಳನ್ನು ಶಾಸ್ತ್ರ ವಿಧಿಸಿದ್ದು ಮನುಷ್ಯರಿಗೆ.

ಹಾಗಾದರೆ ಮನುಷ್ಯರು ಏನು ಮಾಡಬಹುದು? ಕೀಟದ ಬದಲು ಬೇರೆ ಏನಾದರೂ ಕೊಡಬಹುದಲ್ಲ ಎಂದು ಸ್ನೇಹಿತರೊಬ್ಬರು ಸಲಹೆಯಿತ್ತರು. ಕೊಡುವವರೂ ಇದ್ದಾರೆ. ಅಕ್ವೇರಿಯಮ್ಮಿನ ಮೀನುಗಳಿಗೆ ಹಾಕುವ ಒಣ ಆಹಾರದ ಒಂದು ಚೂರನ್ನು ಹೂಜಿಯೊಳಗೆ ಹಾಕಿದರೆ ಗಿಡ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಆ ಚೂರನ್ನು ಬಹುಪಾಲು ಮಾಡುವುದು ಮೀನಿನ ಪುಡಿಯಿಂದ! ಇರುವೆಯನ್ನು ಉಳಿಸಲು ಮೀನನ್ನು ಕೊಂದಂತಾಯಿತು. ಮೀನು ಸತ್ತದ್ದು ದೂರದ ಸಮುದ್ರದಲ್ಲಾದ್ದರಿಂದ ನಮ್ಮ ಬಾಲ್ಕನಿ ಶುದ್ಧ. ಇನ್ನು ಗಿಡವನ್ನೇ ಸಸ್ಯಾಹಾರಿ ಮಾಡುವ ಆಸೆಯಿದ್ದವರಿಗೆ ಬೋರ್ನಿಯೋ, ಮಲಯಾ ಕಡೆಯ ನೆಪೆಂಥಿಸ್ ಆಂಪ್ಯುಲೇರಿಯಾ ಇದೆ. ನೆಲದ ಮೇಲೆ ಗುಂಪಾಗಿ ಕುಳಿತ ಅದರ ಗುಂಡು ಹೂಜಿಗಳ ಮುಚ್ಚಳ ಹಿಂದಕ್ಕೆ ಮಡಚಿರುತ್ತದೆ; ಮರಗಳಿಂದ ಉದುರಿದ ತರಗೆಲೆ ನೇರವಾಗಿ ಒಳಗೆ ಬೀಳುತ್ತದೆ. ತನಗೆ ಬೇಕಾದ ಸಾರಜನಕದ ಸುಮಾರು ಮೂರನೆಯ ಒಂದು ಭಾಗವನ್ನು ಅದು ತರಗೆಲೆಯಿಂದಲೇ ಪಡೆಯುವುದನ್ನು 2003ರಲ್ಲಿ ಅಳೆದು ತೋರಿಸಿದ್ದಾರೆ. ಬೋರ್ನಿಯೋದ ಬೆಟ್ಟಗಳ ಲೋವಿಯೈ ಎಂಬ ಇನ್ನೊಂದು ಜಾತಿ ಇದಕ್ಕಿಂತ ಚತುರ. ಅಳಿಲಿನಂಥ ಒಂದು ಪುಟ್ಟ ಪ್ರಾಣಿ ಅದರ ಮುಚ್ಚಳದ ಸಿಹಿಯನ್ನು ನೆಕ್ಕಲು ಹೂಜಿಯ ಮೇಲೆ ಕೂರುತ್ತದೆ, ಕೂತಲ್ಲೇ ಮಲ ವಿಸರ್ಜಿಸುತ್ತದೆ, ಗಿಡಕ್ಕೆ ಅಷ್ಟು ಸಾಕು. ಯಾರಿಗೂ ನೋವಿಲ್ಲದ ವ್ಯವಹಾರ. ನಿಸರ್ಗದಲ್ಲಿ ಅಹಿಂಸೆಗೂ ದಾರಿಯಿದೆ ಎಂದು ಹೇಳಿ ನಮ್ಮ ತಾಯಿಯವರನ್ನು ನಗಿಸಿದೆವು, ಒಪ್ಪಿಸಿದೆವೆಂದು ಹೇಳಲಾರೆವು.

ನಮ್ಮ ಮನೆಯ ಪದ್ಧತಿ ಇಷ್ಟು: ಕೈಯಿಂದ ಯಾವ ಜೀವವನ್ನೂ ಹಿಡಿದು ಹೂಜಿಗೆ ಹಾಕುವುದಿಲ್ಲ, ತಾನಾಗಿ ಬಂದು ಬಿದ್ದದ್ದನ್ನು ಎತ್ತುವುದೂ ಇಲ್ಲ. ಮಾಡುವುದಕ್ಕೂ ಆಗಗೊಡುವುದಕ್ಕೂ ಅಂತರವಿದೆ ಎಂದು ನಾವು ನಂಬುತ್ತೇವೆ. ಆದರೆ ಆ ಅಂತರ ತೆಳುವಾದದ್ದೆಂದು ಗುಮಾಸ್ತರಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಿಪ್ಪಣಿ ಬರೆದವರು ಕೆಳಗಿನವರು, ಸಹಿ ಮಾಡಿದವರು ಮೇಲಿನವರು, ಹೀಗಾಗಿ ನಿರ್ಣಯ ಯಾರದೂ ಅಲ್ಲ ಎಂಬ ಮಾತನ್ನು ನಾವು ಎಷ್ಟು ಕಡತಗಳಲ್ಲಿ ನೋಡಿಲ್ಲ! ಗಿಡ ಟಿಪ್ಪಣಿ ಮಂಡಿಸುತ್ತದೆ, ನಾವು ದಿನವೂ ನೀರೆರೆದು ಅನುಮೋದಿಸುತ್ತೇವೆ. ಅಷ್ಟರಮಟ್ಟಿಗೆ ಇರುವೆಯ ಲೆಕ್ಕ ನಮ್ಮ ಹೆಸರಿನಲ್ಲಿಯೂ ಇದೆ. ಇರಲಿ. ಕಾಡಿನಲ್ಲಿಯೂ ಇರುವೆ ಹೀಗೆಯೇ ಸಾಯುತ್ತಿತ್ತು, ಬಂದ ಇರುವೆಗಳಲ್ಲಿ ಹೆಚ್ಚಿನವು ಕುಡಿದು ಮನೆಗೆ ಹೋಗುತ್ತವೆ, ಉಳಿದ ಇರುವೆಗೂಡಿಗೆ ನಮ್ಮ ತಾಯಿಯವರ ಸಕ್ಕರೆಯೂ ಇದೆ. ಈ ಪ್ರಶ್ನೆ ನಮ್ಮ ನಿದ್ದೆ ಕೆಡಿಸುವುದಿಲ್ಲ.

ಕೆಡಿಸುವುದು ಎರಡನೆಯದು. ಅದು ಕೊಲ್ಲುವುದರದಲ್ಲ, ಹುಟ್ಟಿಸುವುದರದು.

ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ಹೂಜಿಗಿಡ ಒಂದೇ ಜಾತಿಯದು: ಮೇಘಾಲಯದ ಖಾಸಿ, ಗಾರೋ, ಜೈಂತಿಯಾ ಬೆಟ್ಟಗಳ ನೆಪೆಂಥಿಸ್ ಖಾಸಿಯಾನಾ. ಗಾರೋ ಜನರು ಅದನ್ನು ‘ಮೇಮಾಂಗ್ ಕೋಕ್ಸಿ’, ದೆವ್ವದ ಬುಟ್ಟಿ, ಎಂದು ಕರೆಯುತ್ತಾರೆ. ಗಣಿಗಾರಿಕೆ, ಕುಮರಿ ಬೇಸಾಯ, ಜೊತೆಗೆ ನಮ್ಮಂಥ ಆಸೆಬುರುಕರಿಗೆ ಮಾರಲು ಕೀಳುವವರ ಕೈ, ಇವುಗಳಿಂದ ಅದು ಅಳಿವಿನ ಅಂಚಿಗೆ ಬಂದಿದೆ. ಬಾಘ್ಮಾರಾದಲ್ಲಿ ಅದಕ್ಕಾಗಿಯೇ ಒಂದು ಪುಟ್ಟ ರಕ್ಷಿತ ತಾಣವಿದೆ. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಕೀಳುವುದು, ಮಾರುವುದು ಮಾತ್ರವಲ್ಲ, ಬೆಳೆಸುವುದೂ ನಿಷಿದ್ಧ. ಆದ್ದರಿಂದ ನಮ್ಮಲ್ಲಿ ಅದು ಇಲ್ಲ. ನಮ್ಮಲ್ಲಿರುವವೆಲ್ಲ ಹೊರದೇಶದ ಜಾತಿಗಳನ್ನು ಕೂಡಿಸಿ, ಪ್ರಯೋಗಶಾಲೆಯಲ್ಲಿ ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ಮಾಡಿದ ಮಿಶ್ರತಳಿಗಳು. ನರ್ಸರಿಯಲ್ಲಿ ಸಿಗುತ್ತವೆ, ಅವುಗಳಿಗಾಗಿ ಯಾವ ಬೆಟ್ಟವೂ ಬೋಳಾಗಬೇಕಿಲ್ಲ. ಶುದ್ಧ ಜಾತಿಯೇ ಶ್ರೇಷ್ಠ, ಮಿಶ್ರತಳಿ ಕಲಬೆರಕೆ ಎನ್ನುವ ಮಡಿವಂತ ಹವ್ಯಾಸಿಗಳಿದ್ದಾರೆ; ಅವರ ಮಡಿಯಿಂದ ಕಾಡಿಗೆ ಆದ ನಷ್ಟ ಮಿಶ್ರತಳಿಯಿಂದ ಆಗಿಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಕೊಂಡು ಬೆಳೆಸುವಷ್ಟಕ್ಕೆ ಹವ್ಯಾಸ ನಿಲ್ಲುವುದಿಲ್ಲ. ಹೂಜಿಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ನಮ್ಮ ಒಂದು ಗಿಡ ಐದು ವರ್ಷಗಳ ಹಿಂದೆ ಹೂವಿನ ಗೊನೆ ಎತ್ತಿ ಹೆಣ್ಣೆಂದು ತಿಳಿಯಿತು. ಆಗ ಗಂಡುಹೂ ಇದ್ದದ್ದು ಚೆನ್ನೈಯ ಸ್ನೇಹಿತರೊಬ್ಬರ ಮನೆಯಲ್ಲಿ. ಅವರು ಪರಾಗವನ್ನು ಕಾಗದದಲ್ಲಿ ಮಡಚಿ ಕಳಿಸಿದರು. ನಾವು ಅದನ್ನು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲಿಟ್ಟು, ಹೆಣ್ಣುಹೂ ಅರಳಿದಂತೆಲ್ಲ ಸಣ್ಣ ಕುಂಚದಿಂದ ಸವರಿದೆವು. ಎರಡು ಮೂರು ತಿಂಗಳಿಗೆ ಕಾಯಿ ಬಲಿತು ಒಡೆಯಿತು. ಬೀಜವೆಂದರೆ ದಾರದ ಎಳೆಯಂಥದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಸ್ಫ್ಯಾಗ್ನಮ್ ಪಾಚಿಯ ಮೇಲೆ ಉದುರಿಸಿ ಗಾಜು ಮುಚ್ಚಿಟ್ಟರೆ ತಿಂಗಳಾದ ಮೇಲೆ ಹಸಿರು ಚುಕ್ಕೆ. ಆ ಚುಕ್ಕೆಯ ಎರಡು ಬೀಜದಳಗಳಾದ ಮೇಲೆ ಬರುವ ಮೊದಲ ಎಲೆಯಲ್ಲಿಯೇ ಸಾಸಿವೆ ಗಾತ್ರದ ಹೂಜಿ! ಅದನ್ನು ಭೂತಗನ್ನಡಿಯಲ್ಲಿ ನೋಡಿದ ದಿನ ಆಫೀಸಿಗೆ ತಡವಾಗಿ ಹೋದೆವು.

ಈ ವಿದ್ಯೆಯ ಮೂಲಪುರುಷ ಇಂಗ್ಲೆಂಡಿನ ಜಾನ್ ಡಾಮಿನಿ. ವೀಚ್ ಎಂಬವರ ಪ್ರಖ್ಯಾತ ನರ್ಸರಿಯಲ್ಲಿ ಕೆಲಸಕ್ಕಿದ್ದ ಆತ ಮೊದಲು ಆರ್ಕಿಡ್‌ಗಳನ್ನು ಕೂಡಿಸಿದ. ನೀವು ಸಸ್ಯಶಾಸ್ತ್ರಜ್ಞರಿಗೆ ಹುಚ್ಚು ಹಿಡಿಸುವಿರಿ ಎಂದು ಲಿಂಡ್ಲೆ ಎಂಬ ಪಂಡಿತರು ಅಂದರೆಂದು ಪ್ರತೀತಿ. 1862ರಲ್ಲಿ ಡಾಮಿನಿಯ ಮಿಶ್ರತಳಿ ಹೂಜಿಗಿಡ ಪ್ರದರ್ಶನಕ್ಕೆ ಬಂತು. ಆಮೇಲೆ ಶ್ರೀಮಂತರ ಗಾಜಿನಮನೆಗಳಿಗಾಗಿ ಹೊಸ ತಳಿಗಳ ಸುಗ್ಗಿಯೇ ನಡೆಯಿತು. 1914ರಲ್ಲಿ ಚೆಲ್ಸಿಯ ವೀಚ್ ನರ್ಸರಿ ಮುಚ್ಚಿತು, ಯುದ್ಧ ಬಂತು, ಕಲ್ಲಿದ್ದಲು ಉರಿಸಿ ಬೆಚ್ಚಗಿಡುತ್ತಿದ್ದ ಗಾಜಿನಮನೆಗಳು ತಣ್ಣಗಾದವು. ಆ ತಳಿಗಳಲ್ಲಿ ಹಲವು ಇಂದು ಹೆಸರು, ಚಿತ್ರ ಮಾತ್ರ. ಕಾಡಿನ ಜಾತಿಯಾಗಿದ್ದರೆ ಎಲ್ಲಿಯೋ ಒಂದು ಬೆಟ್ಟದಲ್ಲಿ ಉಳಿದಿರುತ್ತಿತ್ತು. ಇವುಗಳಿಗೆ ಬೆಟ್ಟವೇ ಇರಲಿಲ್ಲ. ಯಜಮಾನನ ಕೋಣೆ ಬಿಟ್ಟರೆ ಜಗತ್ತಿನಲ್ಲಿ ಬೇರೆ ಜಾಗವಿಲ್ಲ.

ಕಾಡಿನಲ್ಲಿಯೂ ಬೆರಕೆ ನಡೆಯುತ್ತದಲ್ಲ ಎನ್ನಬಹುದು. ನಿಜ. ತರಗೆಲೆ ತಿನ್ನುವ ಆಂಪ್ಯುಲೇರಿಯಾವೂ ಕೀಟ ಹಿಡಿಯುವ ರಾಫ್ಲೇಸಿಯಾನಾವೂ ತಾವಾಗಿ ಕೂಡಿ ಹುಕೇರಿಯಾನಾ ಎಂಬುದು ಹುಟ್ಟಿದೆ. ಅಲ್ಲಿ ನಿಲ್ಲತಕ್ಕದ್ದು ನಿಲ್ಲುತ್ತದೆ, ಇಲ್ಲದ್ದು ಇಲ್ಲ. ಯಾರೂ ಉತ್ತರ ಕೊಡಬೇಕಾಗಿಲ್ಲ. ನಮ್ಮ ಧಾರವಾಡದಲ್ಲಿ ಸಿದ್ಧವಾಗಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯೂ ಎರಡು ಜಾತಿ ಕೂಡಿಸಿ ಮಾಡಿದ್ದೇ ಅಲ್ಲವೆ ಎಂದೂ ಕೇಳಬಹುದು. ಹೌದು, ಅದನ್ನು ನಮ್ಮ ಅಜ್ಜನವರ ಹೊಲದಲ್ಲಿ ಬೆಳೆದಿದ್ದರು. ಆ ಹತ್ತಿ ಊರಿನ ಮೈ ಮುಚ್ಚಿತು, ಸಾಲ ತೀರಿಸಿತು. ನಮ್ಮ ಗಿಡ ಹುಟ್ಟಿದ್ದು ನಮ್ಮ ಕಣ್ಣಿನ ಸುಖಕ್ಕೆ. ಸುಖಪಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕಾರಣ ಇಷ್ಟು ಹಗುರವಾದಾಗ ಹೊಣೆ ಭಾರವಾಗಬೇಕು.

ಹವ್ಯಾಸಿಗಳ ರೂಢಿ ಬೇರೆ. ನೂರು ಸಸಿಗಳಲ್ಲಿ ಚೆಂದದ ಐದನ್ನು ಇಟ್ಟುಕೊಂಡು ಉಳಿದವನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅದಕ್ಕೆ ‘ಆಯ್ಕೆ’ ಎಂದು ಹೆಸರು. ಒಂದು ಇರುವೆಗಾಗಿ ಮರುಗಿದ ಅದೇ ಮನೆಗಳಲ್ಲಿ ಈ ಬಗ್ಗೆ ಒಂದು ಮಾತಿಲ್ಲ. ಸಸಿ ಕೂಗುವುದಿಲ್ಲವಲ್ಲ! ಅದಕ್ಕೆ ನೋವಾಗುತ್ತದೆಯೆ ಎಂಬುದು ಮುಖ್ಯವಲ್ಲ. ಇರುವೆಯನ್ನು ನಾವು ಕರೆದಿರಲಿಲ್ಲ. ಇವನ್ನು ಕುಂಚ ಹಿಡಿದು ಕರೆದಿದ್ದೇವೆ. ಕರೆದವರು ಎಲೆಯನ್ನಾದರೂ ಹಾಕಬೇಕು.

ನಮ್ಮಲ್ಲಿ ಮೊಳೆತವು ನಲವತ್ತೊಂದು, ಉಳಿದವು ಮೂವತ್ತೊಂದು. ಒಂದನ್ನೂ ಆಯ್ಕೆಗೆ ಒಳಪಡಿಸಿಲ್ಲ. ಪರಿಣಾಮವಾಗಿ ಬಟ್ಟೆ ಒಣಹಾಕುವ ತಂತಿಗಳು ಬಾಲ್ಕನಿಯಿಂದ ಮಲಗುವ ಕೋಣೆಗೆ ವರ್ಗವಾಗಿವೆ. ಮನೆಗಳು ಗೊತ್ತಾಗದೆ ಇನ್ನೊಮ್ಮೆ ಕುಂಚ ಮುಟ್ಟಕೂಡದೆಂದು ನಮ್ಮ ಮನೆಯವರು ಹೇಳಿದ್ದಾರೆ. ನೀತಿಶಾಸ್ತ್ರದ ದೃಷ್ಟಿಯಿಂದಲೂ ಅದು ಸರಿಯಾದ ತೀರ್ಪು. ಈ ನಡುವೆ ಬಡ್ತಿಯ ಜೊತೆಗೆ ನಾಗಪುರಕ್ಕೆ ವರ್ಗಾವಣೆಯ ಆದೇಶ ಬಂದಿದೆ. ಜೂನ್ ಒಂದಕ್ಕೆ ಅಲ್ಲಿ ಹಾಜರಾಗಬೇಕು. ನಾಗಪುರದ ಬೇಸಿಗೆಯ ಒಣಗಾಳಿ ಹೂಜಿಗಿಡದ ಪಾಲಿಗೆ ಬೆಂಕಿ. ಬಡ್ತಿಯನ್ನು ಬಿಡಿ ಎಂದು ಗಿಡಗಳ ಪರವಾಗಿ ವಾದಿಸುವವರು ಮನೆಯಲ್ಲಿ ಯಾರೂ ಇಲ್ಲ, ನಾವೂ ವಾದಿಸುವುದಿಲ್ಲ. ಎರಡು ಮಕ್ಕಳ ಓದು ನಡೆದಿದೆ. ತಾಯಿ ಗಿಡ ಚೆನ್ನೈಗೆ ಹೋಗುವುದು ನಿಶ್ಚಯವಾಗಿದೆ. ಸಸಿಗಳಲ್ಲಿ ಹದಿನಾಲ್ಕಕ್ಕೆ ಮನೆ ಸಿಕ್ಕಿದೆ.

ಉಳಿದವು ಹದಿನೇಳು, ಪ್ರತಿಯೊಂದೂ ಈಗ ಅಂಗೈಯಷ್ಟಗಲ. ಬೆಳಗಿನ ಬಿಸಿಲು ಬೀಳುವ ಕಿಟಕಿಯಿದ್ದು, ಮಳೆನೀರು ಹಿಡಿದಿಟ್ಟು ಎರೆಯಬಲ್ಲ ವಾಚಕರು ಮುಂದಿನ ಮಾಸಿಕ ಸಭೆಯ ದಿನ ನಮ್ಮನ್ನು ಕಾಣಬಹುದು. ಸಸಿಗಳನ್ನು ಪೆಟ್ಟಿಗೆಯಲ್ಲಿಟ್ಟು ತಂದಿರುತ್ತೇವೆ. ಹಣ ಬೇಡ. ಒಬ್ಬರಿಗೆ ಒಂದೇ. ತೋಟದ ಮಣ್ಣಿಗೆ ಬದಲಿಸಬಾರದು, ಗೊಬ್ಬರವನ್ನು ಬೇರಿಗೆ ಹಾಕಬಾರದು, ಕುಂಡದಲ್ಲಿ ತೆಂಗಿನ ನಾರು ಮತ್ತು ಇದ್ದಿಲ ಚೂರು ಸಾಕು. ನಿಮಗೂ ವರ್ಗಾವಣೆಯಾಗುವ ಸಂಭವವಿದ್ದರೆ ದಯವಿಟ್ಟು ಮೊದಲೇ ತಿಳಿಸಿ.